ದ್ವೀಪಕ್ಕೆ ಡೈವಿಂಗ್‌ಗೆ ಹೊರಟಿದ್ದೀರಾ? ಮೊದಲು ಕಿವಿ, ಆಮೇಲೆ ಬ್ಯಾಗು

ಕಳೆದ ವಾರ ಮೈಸೂರಿನಿಂದ ಅಕ್ಕ ವಾಟ್ಸಾಪ್‌ನಲ್ಲಿ ಒಂದು ಫೋಟೊ ಕಳಿಸಿದಳು. ನೋಟ್‌ಬುಕ್ಕಿನ ಹಾಳೆ ತುಂಬ ಸಾಮಾನಿನ ಪಟ್ಟಿ. ಟೋಪಿ, ಚಪ್ಪಲಿ, ಸನ್‌ಸ್ಕ್ರೀನ್, ಕೋಡುಬಳೆ, ಚಟ್ನಿಪುಡಿ, ಈಜುವ ಕನ್ನಡಕ, ತಲಾ ಮೂರು ಜೀನ್ಸು. ಫೆಬ್ರವರಿಯಲ್ಲಿ ಅವಳು, ಭಾವ, ಹನ್ನೆರಡು ವರ್ಷದ ಮಗಳು ಮೂವರೂ ಅಂಡಮಾನಿಗೆ ಹೊರಟಿದ್ದಾರೆ. ಸ್ಕೂಬಾ ಡೈವಿಂಗ್ ಮಾಡಲೇಬೇಕು ಅಂತ ಮಗಳ ಹಟ. ಪಟ್ಟಿಯ ಕೆಳಗೆ ಅಕ್ಕ ಬರೆದಿದ್ದಳು, "ಏನಾದ್ರೂ ಬಿಟ್ಟುಹೋಗಿದ್ಯಾ ನೋಡೇ."

ಗೋವಾಕ್ಕೆ ಹೋಗಿ ಬರೋದಾದರೆ ಆ ಪಟ್ಟಿ ಸಾಕಿತ್ತು. ನೀರಿನೊಳಗೆ ಇಳಿಯುವವರು ಬ್ಯಾಗಿಗಿಂತ ಮುಂಚೆ ಇನ್ನೆರಡನ್ನು ಸಿದ್ಧ ಮಾಡಿಕೊಳ್ಳಬೇಕು. ಒಂದು ಮೈ, ಅದರಲ್ಲೂ ಕಿವಿ. ಇನ್ನೊಂದು ದಿನಗಳ ಲೆಕ್ಕ. ಇವೆರಡೂ ಸರಿಹೋದರೆ ಬ್ಯಾಗಿಗೆ ಏನು ಬೇಕು, ಏನು ಬೇಡ ಅನ್ನೋದು ಮುಕ್ಕಾಲು ಪಾಲು ತಾನಾಗಿ ತಿಳಿಯುತ್ತದೆ. ಅಕ್ಕನಿಗೆ ಫೋನಿನಲ್ಲಿ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಇದು ನಾನು ಕಷ್ಟಪಟ್ಟು ಕಲಿತ ಪಾಠ. ಮೊದಲ ಸಲ ಹೋಗುವಾಗ ಬ್ಯಾಗನ್ನು ಮೂರು ಸಲ ತೂಕ ಹಾಕಿದ್ದೆ. ಹೊರಡುವ ಹಿಂದಿನ ದಿನ ನೆಗಡಿ ಶುರುವಾಯಿತು. ಸಣ್ಣ ನೆಗಡಿ ಅಲ್ವಾ ಅಂತ ಒಂದು ಮಾತ್ರೆ ನುಂಗಿ ವಿಮಾನ ಹತ್ತಿದೆ. ಅಂಡಮಾನಿನ ಹ್ಯಾವ್‌ಲಾಕ್ ದ್ವೀಪದಲ್ಲಿ ಮೊದಲ ಡೈವ್‌ಗೆ ಹಗ್ಗ ಹಿಡಿದು ಇಳಿಯುತ್ತಿದ್ದಾಗ, ಮೂರು ಮೀಟರ್ ಕೂಡ ಆಗಿರಲಿಲ್ಲ, ಎಡಗಿವಿಯೊಳಗೆ ಯಾರೋ ಹೆಬ್ಬೆರಳಿಟ್ಟು ಒತ್ತಿದ ಹಾಗಾಯಿತು. ಮೂಗು ಹಿಡಿದು ಊದಿದೆ. ಬಿಡಲಿಲ್ಲ. ಇನ್‌ಸ್ಟ್ರಕ್ಟರ್ ನನ್ನ ಮುಖ ನೋಡಿ ಹೆಬ್ಬೆರಳು ಮೇಲೆ ಮಾಡಿದರು. ಡೈವಿಂಗ್ ಭಾಷೆಯಲ್ಲಿ ಅದರ ಅರ್ಥ "ಮೇಲೆ ಹೋಗೋಣ". ಮುಂದಿನ ಎರಡು ದಿನ ಬೋಟಿನಲ್ಲಿ ಕೂತು ಉಳಿದವರ ಗುಳ್ಳೆ ನೋಡಿದೆ.

ಇಡೀ ಘಾಟಿ ಒಂದೇ ಮೀಟರಿನಲ್ಲಿ

ಬೆಂಗಳೂರಿನಿಂದ ಮಂಗಳೂರಿಗೆ ಬಸ್ಸಿನಲ್ಲಿ ಹೋದವರಿಗೆ ಇದು ಗೊತ್ತಿರುತ್ತದೆ. ಸಕಲೇಶಪುರ ದಾಟಿ ಶಿರಾಡಿ ಇಳಿಯುವಾಗ ಕಿವಿ ಗುಂಯ್ ಅಂತ ಮುಚ್ಚಿಕೊಳ್ಳುತ್ತದೆ. ಎಂಜಲು ನುಂಗಿದರೆ ಟಪ್ ಅಂತ ಬಿಡುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ಕರಾವಳಿ ಮುಟ್ಟುವಷ್ಟರಲ್ಲಿ ನಮ್ಮ ಮೇಲಿನ ಗಾಳಿಯ ಒತ್ತಡ ಹೆಚ್ಚುಕಮ್ಮಿ ಹತ್ತರಲ್ಲಿ ಒಂದು ಪಾಲು ಏರುತ್ತದೆ. ನೀರು ಗಾಳಿಗಿಂತ ತುಂಬಾ ಭಾರ ನೋಡಿ. ಸಮುದ್ರದಲ್ಲಿ ಅಷ್ಟೇ ಒತ್ತಡ ಏರಲು ಒಂದು ಮೀಟರ್ ಇಳಿದರೆ ಸಾಕು. ಗಂಟೆಗಟ್ಟಲೆ ಬಸ್ಸಿನಲ್ಲಿ ಕೂತು ಇಳಿದ ಘಾಟಿಯನ್ನು ನೀರಿನಲ್ಲಿ ಕೆಲವೇ ಸೆಕೆಂಡಿನಲ್ಲಿ ಇಳಿದುಬಿಡುತ್ತೀರಿ. ಹತ್ತು ಮೀಟರ್ ಇಳಿದರೆ ಒತ್ತಡ ನೆಲದ ಮೇಲಿದ್ದದ್ದರ ಎರಡರಷ್ಟು.

ಕಿವಿಯ ತಮಟೆಯ ಹಿಂದೆ ಪುಟ್ಟದೊಂದು ಗಾಳಿಯ ಗೂಡಿದೆ. ಹೊರಗೆ ಒತ್ತಡ ಎರಡರಷ್ಟಾದರೆ ಅದರೊಳಗಿನ ಗಾಳಿ ಅರ್ಧಕ್ಕೆ ಕುಗ್ಗುತ್ತದೆ. ತಮಟೆ ಒಳಕ್ಕೆ ಬಾಗುತ್ತದೆ, ನೋವಾಗುತ್ತದೆ. ಅಲ್ಲಿಂದ ಮೂಗಿನ ಹಿಂಭಾಗಕ್ಕೆ ಒಂದು ಸಣ್ಣ ನಾಳ ಇದೆ. ಮೂಗು ಹಿಡಿದು, ಬಾಯಿ ಮುಚ್ಚಿ, ಮೆಲ್ಲಗೆ ಊದಿದರೆ ಆ ನಾಳದ ಮೂಲಕ ಒಳಗೆ ಗಾಳಿ ಹೋಗಿ ಎರಡೂ ಕಡೆ ಸಮ ಆಗುತ್ತದೆ. ಡೈವ್ ಮಾಡುವವರು ಇದಕ್ಕೆ ಇಕ್ವಲೈಸ್ ಮಾಡೋದು ಅಂತಾರೆ. ಇದನ್ನು ನೋವು ಶುರುವಾಗುವ ಮೊದಲೇ ಮಾಡಬೇಕು. ನೀರಿನ ಮೇಲೆ ಇರುವಾಗಲೇ ಒಂದು ಸಲ, ಆಮೇಲೆ ಅರ್ಧರ್ಧ ಮೀಟರಿಗೊಮ್ಮೆ. ನೋವು ಬಂತು ಅಂದರೆ ತಡವಾಗಿದೆ ಅಂತಲೇ ಅರ್ಥ. ಆಗ ಸ್ವಲ್ಪ ಮೇಲಕ್ಕೆ ಬಂದು ಮತ್ತೆ ಪ್ರಯತ್ನಿಸಬೇಕು. ಜೋರಾಗಿ ಊದಿ ಗೆಲ್ಲಲು ಹೋಗಬಾರದು. ತಮಟೆ ಹರಿಯಬಹುದು, ಒಳಗಿವಿಗೂ ಪೆಟ್ಟಾಗಬಹುದು.

ಮೊದಲ ಹತ್ತು ಮೀಟರಿನಲ್ಲೇ ಕಿವಿಗೆ ಅತಿ ಹೆಚ್ಚು ಕಷ್ಟ. ಸೊನ್ನೆಯಿಂದ ಹತ್ತಕ್ಕೆ ಹೋಗುವಾಗ ಒತ್ತಡ ಎರಡರಷ್ಟಾಗುತ್ತದೆ. ಹತ್ತರಿಂದ ಇಪ್ಪತ್ತಕ್ಕೆ ಹೋಗುವಾಗ ಅದು ಒಂದೂವರೆ ಪಟ್ಟು ಮಾತ್ರ. ಹಾಗಾಗಿ "ನಾನು ಜಾಸ್ತಿ ಆಳಕ್ಕೇನೂ ಹೋಗಲ್ಲ" ಅನ್ನುವವರಿಗೂ ಇದರಿಂದ ವಿನಾಯಿತಿ ಇಲ್ಲ.

ನೆಗಡಿ ಆದಾಗ ಆ ನಾಳ ಊದಿಕೊಂಡಿರುತ್ತದೆ, ಗಾಳಿ ಒಳಗೆ ಹೋಗೋದಿಲ್ಲ. ಮೂಗು ಬಿಡಿಸುವ ಮಾತ್ರೆ ನುಂಗಿ ಇಳಿದರೆ ಇನ್ನೊಂದು ಅಪಾಯ. ಕೆಳಗಿರುವಾಗಲೇ ಮಾತ್ರೆಯ ಪ್ರಭಾವ ಇಳಿದರೆ, ಮೇಲೆ ಬರುವಾಗ ಹಿಗ್ಗುವ ಗಾಳಿಗೆ ಹೊರಬರಲು ದಾರಿ ಇರೋದಿಲ್ಲ. ಇಳಿಯುವಾಗ ನೋವಾದರೆ ವಾಪಸ್ ಬರಬಹುದು. ಏರುವಾಗ ಆದರೆ? ಟ್ಯಾಂಕಿನಲ್ಲಿ ಗಾಳಿ ಮುಗಿಯುತ್ತಿರುತ್ತದೆ, ಬರಲೇಬೇಕು.

ಹಾಗಾಗಿ ಅಕ್ಕನಿಗೆ ಹೇಳಿದ ಮೊದಲ ಕೆಲಸ, ಹೊರಡಲು ಮೂರ್ನಾಲ್ಕು ವಾರ ಇರುವಾಗ ಮೂವರೂ ಕಿವಿ, ಮೂಗು, ಗಂಟಲಿನ ಡಾಕ್ಟರ ಹತ್ತಿರ ಹೋಗಿಬನ್ನಿ. ಗುಗ್ಗೆ ಇದ್ದರೆ ಅವರೇ ತೆಗೀತಾರೆ. ಕಿವಿಕಡ್ಡಿ ಹಾಕಿ ಅದನ್ನು ಇನ್ನೂ ಒಳಕ್ಕೆ ತಳ್ಳಬೇಡಿ. ಬಿಸಿ ಕೊಬ್ಬರಿಎಣ್ಣೆಯ ಅಭ್ಯಾಸವನ್ನೂ ಸದ್ಯಕ್ಕೆ ಬಿಡಿ. ಎರಡನೆಯ ಕೆಲಸ, ದಿನಾ ಹಲ್ಲುಜ್ಜುವಾಗ ಒಂದು ಸಲ ಮೂಗು ಹಿಡಿದು ಮೆಲ್ಲಗೆ ಇಕ್ವಲೈಸ್ ಮಾಡಿ ನೋಡಿ. ಎರಡೂ ಕಿವಿ ಟಿಕ್ ಅನ್ನಬೇಕು. ಚಾಮುಂಡಿ ಬೆಟ್ಟದಿಂದ ಕಾರಿನಲ್ಲಿ ಇಳಿಯುವಾಗಲೂ ಮಾಡಬಹುದು. ಕೆಲವರಿಗೆ ಒಂದು ಕಿವಿ ನಿಧಾನ. ಅದು ಮನೆಯಲ್ಲೇ ಗೊತ್ತಾದರೆ ಒಳ್ಳೆಯದು. ಮೂರನೆಯದು, ಕೊನೆಯ ವಾರ ನೆಗಡಿ ಇದ್ದವರಿಂದ ದೂರ ಇರಿ.

ಭಾವನ ವಿಷಯ ಬೇರೆ. ಅವರಿಗೆ 48 ವಯಸ್ಸು, ಬಿಪಿ ಮಾತ್ರೆ ತಗೋತಾರೆ. ಡೈವ್ ಶಾಪ್‌ನಲ್ಲಿ ನೀರಿಗೆ ಇಳಿಸುವ ಮುಂಚೆ ಆರೋಗ್ಯದ ಪ್ರಶ್ನೆಗಳಿರುವ ಫಾರಂ ತುಂಬಿಸಿಕೊಳ್ಳುತ್ತಾರೆ. ಹೃದಯದ ತೊಂದರೆ, ಆಸ್ತಮಾ, ಮೂರ್ಛೆರೋಗ, ಸಕ್ಕರೆ ಕಾಯಿಲೆ, ಕಿವಿಯ ಆಪರೇಷನ್, 45 ದಾಟಿದವರ ಬಿಪಿ, ಇಂಥ ಪ್ರಶ್ನೆಗಳು. ಯಾವುದಕ್ಕಾದರೂ "ಹೌದು" ಅಂದರೆ ಡಾಕ್ಟರ ಒಪ್ಪಿಗೆ ಪತ್ರ ಬೇಕು. ದ್ವೀಪಕ್ಕೆ ಹೋದಮೇಲೆ ಅದಕ್ಕೆ ಓಡಾಡೋದು ಕಷ್ಟ. ಫಾರಂ ಅಂತರ್ಜಾಲದಲ್ಲೇ ಸಿಗುತ್ತದೆ. ಇಳಿಸಿಕೊಂಡು ನಿಮ್ಮ ಡಾಕ್ಟರಿಗೆ ತೋರಿಸಿ ಸಹಿ ಹಾಕಿಸಿಕೊಳ್ಳಿ. ಡೈವ್ ತಪ್ಪಿಹೋಗುತ್ತೆ ಅಂತ ಸುಮ್ನೆ ಎಲ್ಲದಕ್ಕೂ "ಇಲ್ಲ" ಅಂತ ಬರೆಯುವವರನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಗರ್ಭಿಣಿಯರಂತೂ ಡೈವ್ ಮಾಡಲೇಬಾರದು. ಮುಟ್ಟಾದವರು ಮಾಡಬಹುದು, ಏನೂ ತೊಂದರೆಯಿಲ್ಲ.

ಈಜು ಬರಬೇಕಾ? ಇನ್‌ಸ್ಟ್ರಕ್ಟರ್ ಕೈಹಿಡಿದು ಕರೆದೊಯ್ಯುವ ಪ್ರಯೋಗದ ಡೈವ್‌ಗೆ ಬೇಕಿಲ್ಲ. ಅದರಲ್ಲಿ ಹೆಚ್ಚೆಂದರೆ 12 ಮೀಟರ್ ಆಳ. ಹತ್ತು ತುಂಬಿದ ಮಕ್ಕಳೂ ಮಾಡಬಹುದು. ಡೈವಿಂಗ್ ಕಲಿಸಿ ಸರ್ಟಿಫಿಕೇಟ್ ಕೊಡುವ ಓಪನ್ ವಾಟರ್ ಕೋರ್ಸ್ ಮಾಡುವವರು 200 ಮೀಟರ್ ನಿಲ್ಲದೆ ಈಜಬೇಕು, ಹತ್ತು ನಿಮಿಷ ತೇಲಬೇಕು. ಮೂರ್ನಾಲ್ಕು ದಿನದ ಆ ಕೋರ್ಸ್ ಮುಗಿಸಿದರೆ 18 ಮೀಟರ್ ತನಕ ಹೋಗಬಹುದು. ಸಮಯ ಇದ್ದರೆ ಇದನ್ನೇ ಮಾಡಿ ಅಂತ ನನ್ನ ಸಲಹೆ. ಪ್ರಯೋಗದ ಡೈವ್ ಅಂದರೆ ಅಪ್ಪನ ಹೆಗಲ ಮೇಲೆ ಕೂತು ಜಾತ್ರೆ ನೋಡಿದ ಹಾಗೆ. ಚೆನ್ನಾಗಿರುತ್ತದೆ, ಆದರೆ ಕಾಲು ನಿಮ್ಮದಲ್ಲ.

ಗೋಲಿ ಸೋಡಾ ಮತ್ತು ವಾಪಸ್ ಟಿಕೆಟ್

ಅಕ್ಕನ ಮಗಳು ಫೋನಿನಲ್ಲಿ ಕೇಳಿದಳು, "ಚಿಕ್ಕಿ, ಆಕ್ಸಿಜನ್ ಸಿಲಿಂಡರ್ ತುಂಬಾ ಭಾರ ಇರುತ್ತಾ?" ಭಾರ ಇರುತ್ತದೆ ಪುಟ್ಟಿ, ಆದರೆ ಅದರಲ್ಲಿರೋದು ಬರೀ ಆಕ್ಸಿಜನ್ ಅಲ್ಲ, ನಾವು ಉಸಿರಾಡುವ ಇದೇ ಗಾಳಿ. ಒತ್ತಿ ತುಂಬಿರುತ್ತಾರೆ ಅಷ್ಟೆ. ಪತ್ರಿಕೆಗಳಲ್ಲೂ ಆಮ್ಲಜನಕದ ಸಿಲಿಂಡರ್ ಅಂತ ಬರೆಯೋದರಿಂದ ಎಲ್ಲರೂ ಹಾಗೇ ಅಂದುಕೊಂಡಿರುತ್ತಾರೆ. ಗಾಳಿ ಅಂದಮೇಲೆ ಅದರಲ್ಲಿ ನೂರಕ್ಕೆ 78 ಪಾಲು ನೈಟ್ರೋಜನ್. ವಾಪಸ್ ಟಿಕೆಟ್ ಯಾವ ದಿನಕ್ಕೆ ಬುಕ್ ಮಾಡಬೇಕು ಅನ್ನೋದನ್ನು ತೀರ್ಮಾನಿಸೋದು ಈ ನೈಟ್ರೋಜನ್ನೇ.

ಗೋಲಿ ಸೋಡಾ ನೆನಪಿಸಿಕೊಳ್ಳಿ. ಗೋಲಿ ಬಾಯಿಗೆ ಒತ್ತಿಕೊಂಡಿರುವ ತನಕ ಒಳಗೆ ಗುಳ್ಳೆ ಕಾಣೋದಿಲ್ಲ. ಒತ್ತಡದಲ್ಲಿ ಅನಿಲ ನೀರಿನಲ್ಲಿ ಕರಗಿ ಕೂತಿರುತ್ತದೆ. ಗೋಲಿ ಒಳಗೆ ಬಿದ್ದ ಕೂಡಲೇ ಬುರ್ ಅಂತ ಉಕ್ಕುತ್ತದೆ. ನೀರಿನ ಆಳದಲ್ಲಿ ನಮ್ಮ ರಕ್ತ, ಕೊಬ್ಬು, ಕೀಲುಗಳೊಳಗೆ ನೈಟ್ರೋಜನ್ ಹೀಗೇ ಕರಗಿಕೊಳ್ಳುತ್ತದೆ. ಇನ್ನೂ ಆಳ, ಇನ್ನೂ ಹೊತ್ತು, ಇನ್ನೂ ಜಾಸ್ತಿ. ನಿಧಾನವಾಗಿ ಮೇಲೆ ಬಂದರೆ ಅದು ಉಸಿರಿನ ಮೂಲಕ ಹೊರಗೆ ಹೋಗುತ್ತದೆ. ಗಬಕ್ಕನೆ ಬಂದರೆ ಮೈಯೊಳಗೇ ಗುಳ್ಳೆ ಏಳುತ್ತದೆ. ಅದರಿಂದ ಕೀಲುನೋವು, ಮರಗಟ್ಟುವಿಕೆ, ಕೆಲವೊಮ್ಮೆ ಲಕ್ವ ಹೊಡೆದ ಹಾಗೂ ಆಗಬಹುದು. ಅದಕ್ಕೇ ಡೈವ್‌ನ ಕೊನೆಗೆ ಐದು ಮೀಟರ್ ಆಳದಲ್ಲಿ ಮೂರು ನಿಮಿಷ ನಿಂತು ಬರುವ ಪದ್ಧತಿ.

ಮೇಲೆ ಬಂದಮೇಲೂ ಎಲ್ಲ ನೈಟ್ರೋಜನ್ ಹೋಗಿರೋದಿಲ್ಲ. ಗಂಟೆಗಟ್ಟಲೆ ಇರುತ್ತದೆ. ಆ ಹೊತ್ತಿನಲ್ಲಿ ವಿಮಾನ ಹತ್ತಿದರೆ? ವಿಮಾನದೊಳಗೆ ಒತ್ತಡ ಕಾಯ್ದಿರುತ್ತಾರೆ ನಿಜ, ಆದರೆ ನೆಲದ ಮಟ್ಟಕ್ಕಲ್ಲ. ಅದು ಸುಮಾರು 2,400 ಮೀಟರ್ ಎತ್ತರದಲ್ಲಿ ಇರುವಷ್ಟಕ್ಕೂ ಇಳಿಯಬಹುದು. ನಮ್ಮ ಮುಳ್ಳಯ್ಯನಗಿರಿಯ ತುದಿಯೇ 1,930 ಮೀಟರ್. ಅದಕ್ಕಿಂತ ಎತ್ತರಕ್ಕೆ ಏಕಾಏಕಿ ಏರಿದ ಹಾಗಾಯಿತು. ಗೋಲಿಯನ್ನು ಇನ್ನೊಮ್ಮೆ ಒತ್ತಿದ ಹಾಗೆ.

ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಅನ್ನುವ ಡೈವಿಂಗ್ ಸುರಕ್ಷತೆಯ ಸಂಸ್ಥೆಯ ಮಾರ್ಗಸೂಚಿ ಹೀಗಿದೆ. ಒಂದೇ ಒಂದು ಸಾಮಾನ್ಯ ಡೈವ್ ಮಾಡಿದ್ದರೆ ವಿಮಾನಕ್ಕೆ ಮುಂಚೆ ಕನಿಷ್ಠ 12 ಗಂಟೆ ಕಾಯಬೇಕು. ದಿನಕ್ಕೆ ಎರಡು ಮೂರು, ಅಥವಾ ಸತತ ಹಲವು ದಿನ ಮಾಡಿದ್ದರೆ 18 ಗಂಟೆ. ಇವು ಕನಿಷ್ಠ ಲೆಕ್ಕ. ನಾನು ಯಾವಾಗಲೂ 24 ಇಟ್ಟುಕೊಳ್ಳುತ್ತೇನೆ.

ಈಗ ಅಕ್ಕನ ಪ್ಲ್ಯಾನ್ ನೋಡಿ. ಬೆಂಗಳೂರಿನಿಂದ ಪೋರ್ಟ್‌ಬ್ಲೇರ್‌ಗೆ ವಿಮಾನ, ಎರಡೂವರೆ ಗಂಟೆ. 2024ರಿಂದ ಆ ಊರಿನ ಹೆಸರು ಶ್ರೀ ವಿಜಯಪುರಂ. ಮೊದಲ ಎರಡು ದಿನ ಅಲ್ಲೇ ಸೆಲ್ಯುಲಾರ್ ಜೈಲು, ಊರು ಸುತ್ತಾಟ. ಆಮೇಲೆ ಹ್ಯಾವ್‌ಲಾಕ್, ಅಂದರೆ ಸ್ವರಾಜ್ ದ್ವೀಪ. ಐದನೇ ದಿನ ಬೆಳಿಗ್ಗೆ ಡೈವ್, ಮಧ್ಯಾಹ್ನ ಫೆರ್ರಿ, ಆರನೇ ದಿನ ಬೆಳಿಗ್ಗೆ ಎಂಟಕ್ಕೆ ವಿಮಾನ. ಕಾಗದದ ಮೇಲೆ ಚೊಕ್ಕವಾಗಿದೆ. ನೈಟ್ರೋಜನ್ ಲೆಕ್ಕದಲ್ಲಿ ಕನಿಷ್ಠ 18 ಗಂಟೆ ಹೇಗೋ ದಾಟುತ್ತದೆ, ನನ್ನ 24 ತುಂಬೋದಿಲ್ಲ. ನಾನು ಅದನ್ನು ತಿರುಗಿಸಿ ಹಾಕಿದೆ. ಇಳಿದ ದಿನವೇ ಫೆರ್ರಿ ಹತ್ತಿ ಹ್ಯಾವ್‌ಲಾಕ್‌ಗೆ ಹೋಗಿ. ಎರಡು ಗಂಟೆ ಆಸುಪಾಸಿನ ದಾರಿ. ಆವತ್ತು ಡೈವ್ ಬೇಡ. ನಿದ್ದೆಗೆಟ್ಟಿರುತ್ತೀರಿ, ನಿದ್ದೆ ಮಾಡಿ. ಎರಡು, ಮೂರು, ನಾಲ್ಕನೇ ದಿನ ಡೈವ್. ಐದನೇ ದಿನ ಫೆರ್ರಿ ಹಿಡಿದು ವಾಪಸ್ ಪೋರ್ಟ್‌ಬ್ಲೇರ್, ಸೆಲ್ಯುಲಾರ್ ಜೈಲು, ಸಂಜೆಯ ಬೆಳಕು ಮತ್ತು ಧ್ವನಿ ಪ್ರದರ್ಶನ. ಆರನೇ ದಿನ ವಿಮಾನ. ಫೆರ್ರಿ ಸಮುದ್ರಮಟ್ಟದಲ್ಲೇ ಹೋಗೋದರಿಂದ ಅದಕ್ಕೆ ಕಾಯಬೇಕಿಲ್ಲ. ಗಾಳಿ ಜೋರಾದರೆ ಫೆರ್ರಿ ರದ್ದಾಗುವುದೂ ಉಂಟು. ಡೈವ್ ಇಲ್ಲದ ಆ ಒಣ ದಿನ ಇದ್ದರೆ ವಿಮಾನವೂ ತಪ್ಪೋದಿಲ್ಲ.

ಇಲ್ಲೇ ಇನ್ನೊಂದು ಮಾತು. ನಮ್ಮಲ್ಲಿ ಹಲವರು ಮುರುಡೇಶ್ವರದಿಂದ ಬೋಟಿನಲ್ಲಿ ನೇತ್ರಾಣಿಗೆ ಹೋಗಿ ಡೈವ್ ಮಾಡುತ್ತಾರೆ. ಬೆಳಿಗ್ಗೆ ಡೈವ್, ರಾತ್ರಿ ಬಸ್ಸಿಗೆ ಬೆಂಗಳೂರು. ವಿಮಾನ ಇಲ್ಲವಲ್ಲ, ಚಿಂತೆಯಿಲ್ಲ ಅಂದುಕೊಳ್ಳುತ್ತಾರೆ. ಆದರೆ ಆ ಮಾರ್ಗಸೂಚಿ ಶುರುವಾಗೋದೇ ಸುಮಾರು 600 ಮೀಟರ್ ಎತ್ತರದಿಂದ. ಬೆಂಗಳೂರು 920. ಘಾಟಿ ಹತ್ತೋದು ಕೂಡ ಮೇಲಕ್ಕೆ ಹಾರಿದ ಹಾಗೇ. ಆ ರಾತ್ರಿ ಮುರುಡೇಶ್ವರದಲ್ಲೇ ಉಳಿದು ಮರುದಿನ ಹೊರಡಿ. ಅಂಡಮಾನಿಗೆ ಮುಂಚೆ ನೇತ್ರಾಣಿಯಲ್ಲಿ ಒಂದು ಡೈವ್ ಮಾಡಿ ಕಿವಿ ಪರೀಕ್ಷಿಸಿಕೊಳ್ಳೋದಂತೂ ಒಳ್ಳೆಯ ಉಪಾಯ.

ಯಾವ ತಿಂಗಳು ಅಂತ ಕೇಳಿದರೆ, ಜನವರಿಯಿಂದ ಏಪ್ರಿಲ್. ಸಮುದ್ರ ಶಾಂತ, ನೀರು ತಿಳಿ, 27ರಿಂದ 30 ಡಿಗ್ರಿ ಬೆಚ್ಚಗೆ. ಮೇ ನಡುವಿನಿಂದ ಮಳೆಗಾಲ.

ಇನ್ನು ಬ್ಯಾಗು

ಮೊದಲು ಆ ಈಜುವ ಕನ್ನಡಕ ತೆಗೆದಿಡಿ. ಈಜುಕೊಳಕ್ಕೆ ಸರಿ, ಡೈವ್‌ಗೆ ಬರೋದಿಲ್ಲ. ಕನ್ನಡಕದೊಳಗಿನ ಗಾಳಿಯೂ ಕಿವಿಯ ಗಾಳಿಯ ಹಾಗೇ ಕುಗ್ಗುತ್ತದೆ. ಅದಕ್ಕೆ ಮೂಗಿಲ್ಲ, ಒಳಗೆ ಗಾಳಿ ತುಂಬಲು ದಾರಿಯಿಲ್ಲ. ಅದು ಕಣ್ಣನ್ನೇ ಹೊರಕ್ಕೆ ಎಳೆಯುತ್ತದೆ. ಡೈವಿಂಗ್ ಮಾಸ್ಕ್ ಮೂಗನ್ನೂ ಮುಚ್ಚಿಕೊಂಡಿರೋದು ಇದಕ್ಕೇ. ಇಳಿಯುವಾಗ ಮೂಗಿನಿಂದ ಒಂಚೂರು ಊದಿದರೆ ಸರಿಹೋಗುತ್ತದೆ.

ಸ್ವಂತಕ್ಕೆ ಒಂದೇ ಒಂದು ವಸ್ತು ಕೊಳ್ಳುವುದಾದರೆ ಅದು ಮಾಸ್ಕ್. ಸಿಲಿಂಡರ್, ಬಾಯಿಗಿಟ್ಟು ಉಸಿರಾಡುವ ರೆಗ್ಯುಲೇಟರ್, ಜಾಕೆಟ್, ಕಾಲಿಗೆ ಹಾಕುವ ಫಿನ್ಸ್, ಮೈ ಬೆಚ್ಚಗಿಡುವ ವೆಟ್‌ಸೂಟ್ ಎಲ್ಲಾ ಡೈವ್ ಶಾಪ್‌ನಲ್ಲೇ ಕೊಡುತ್ತಾರೆ. ಮಾಸ್ಕೂ ಕೊಡುತ್ತಾರೆ, ಆದರೆ ಪ್ರತಿ ಮುಖವೂ ಬೇರೆ. ಅಂಗಡಿಯಲ್ಲಿ ಮಾಸ್ಕಿನ ಪಟ್ಟಿಯನ್ನು ತಲೆಗೆ ಹಾಕದೆ ಮುಖಕ್ಕೆ ಒತ್ತಿ ಹಿಡಿದು ಮೂಗಿನಿಂದ ಉಸಿರು ಎಳೆಯಿರಿ. ಕೈ ಬಿಟ್ಟರೂ ಮಾಸ್ಕ್ ಬೀಳದೆ ಅಂಟಿಕೊಂಡಿದ್ದರೆ ಅದು ನಿಮ್ಮದು. ಹೊಸ ಮಾಸ್ಕಿನ ಗಾಜಿನ ಮೇಲೆ ಕಾರ್ಖಾನೆಯ ತೆಳು ಪದರ ಇರುತ್ತದೆ. ಅದನ್ನು ತೆಗೆಯದಿದ್ದರೆ ನೀರೊಳಗೆ ಮಂಜು ಕವಿದು ಮೀನು ಬಿಳಿ ನೆರಳಾಗಿ ಕಾಣುತ್ತದೆ. ಬಿಳಿ ಟೂತ್‌ಪೇಸ್ಟ್ ಹಚ್ಚಿ ಬೆರಳಿನಿಂದ ಚೆನ್ನಾಗಿ ಉಜ್ಜಿ ತೊಳೆಯಿರಿ, ಎರಡು ಮೂರು ಸಲ. ಇನ್ನು ಪ್ರತಿ ಡೈವ್‌ಗೆ ಮುಂಚೆ ಗಾಜಿನ ಒಳಮೈಗೆ ಎಂಜಲು ಸವರಿ, ಒಂದು ಬೊಗಸೆ ಸಮುದ್ರದ ನೀರು ಹಾಕಿ ಕುಲುಕಿ ಚೆಲ್ಲಬೇಕು. ಬೋಟಿನ ಅಂಚಿನಲ್ಲಿ ಸಾಲಾಗಿ ಕೂತವರೆಲ್ಲ ಮಾಸ್ಕಿಗೆ ಉಗುಳೋದು ನೋಡಿ ಅಕ್ಕನಿಗೆ ಅಸಹ್ಯ ಅನ್ನಿಸಬಹುದು. ಮಕ್ಕಳ ಶಾಂಪೂ ಒಂದು ತೊಟ್ಟು ಸವರಿದರೂ ಆಗುತ್ತದೆ.

ಭಾವನಿಗೆ ದಪ್ಪ ಮೀಸೆ. ಮಾಸ್ಕಿನ ಸಿಲಿಕಾನ್ ಅಂಚು ಚರ್ಮಕ್ಕೆ ಕೂರಬೇಕು. ಮೀಸೆಯ ಕೂದಲ ನಡುವಿನಿಂದ ನೀರು ಜಿನುಗಿ ಮೂಗಿನ ಹತ್ತಿರ ನಿಲ್ಲುತ್ತದೆ. ಪೂರ್ತಿ ಬೋಳಿಸಬೇಕಿಲ್ಲ. ಮೂಗಿನ ಕೆಳಗೆ, ಮೀಸೆಯ ಮೇಲಂಚಿನಲ್ಲಿ ಸಣ್ಣ ಗೆರೆಯಷ್ಟು ತೆಗೆದರೆ ಸಾಕು. ಹೆಂಗಸರು ಜಡೆ ಬಿಗಿಯಾಗಿ ಹಾಕಿ, ಹಣೆಯ ಮೇಲಿನ ಕೂದಲನ್ನು ಪಟ್ಟಿಯೊಳಗೆ ಸೇರಿಸಿಕೊಳ್ಳಿ. ಒಂದು ಕೂದಲೆಳೆ ಸಿಕ್ಕಿಕೊಂಡರೂ ನೀರು ಒಳಗೆ ಬರುತ್ತದೆ. ಡೈವ್ ದಿನ ತಲೆಗೆ ಎಣ್ಣೆ ಬೇಡ, ಮಾಸ್ಕಿನ ಪಟ್ಟಿ ಜಾರುತ್ತದೆ. ಕನ್ನಡಕ ಹಾಕುವವರು ಪವರ್ ಇರುವ ಮಾಸ್ಕ್ ಮಾಡಿಸಬಹುದು, ಇಲ್ಲ ಮೆದು ಕಾಂಟ್ಯಾಕ್ಟ್ ಲೆನ್ಸ್ ಹಾಕಬಹುದು. ಒಂದು ಜೊತೆ ಜಾಸ್ತಿ ಇಟ್ಟುಕೊಳ್ಳಿ.

ಜೀನ್ಸ್ ಒಂದೂ ಬೇಡ. ದ್ವೀಪದ ಗಾಳಿ ಎಷ್ಟು ತೇವ ಅಂದರೆ ದಪ್ಪ ಬಟ್ಟೆ ಮೂರು ದಿನವಾದರೂ ಒಣಗೋದಿಲ್ಲ. ಈಜುಡುಗೆ ಎರಡು ಜೊತೆ, ಒಂದು ಒಣಗುವಾಗ ಇನ್ನೊಂದು. ತುಂಬುತೋಳಿನ ಈಜಂಗಿ, ಕಾಲಿಗೆ ಲೆಗ್ಗಿಂಗ್ಸ್. ದಪ್ಪ ಟರ್ಕಿ ಟವೆಲ್ಲಿನ ಬದಲು ಎರಡು ತೆಳು ಚೌಕ. 28 ಡಿಗ್ರಿ ನೀರು ಬೆಚ್ಚಗಲ್ವಾ, ಚಳಿ ಯಾಕೆ ಅಂತ ಮಗಳು ಕೇಳಿದಳು. ನೀರು ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ಬೇಗ ಮೈಯ ಬಿಸಿ ಎಳೆದುಕೊಳ್ಳುತ್ತದೆ. ನಲವತ್ತು ನಿಮಿಷ ಆದಮೇಲೆ ಹಲ್ಲು ಕಟಕಟ ಅನ್ನುತ್ತದೆ. ಎರಡು ಡೈವ್‌ಗಳ ನಡುವೆ ಒದ್ದೆ ಮೈಯಲ್ಲಿ ಬೋಟಿನಲ್ಲಿ ಕೂರುವಾಗ ಗಾಳಿಗೆ ಇನ್ನೂ ಜಾಸ್ತಿ. ಒಂದು ವಿಂಡ್‌ಚೀಟರ್ ಖಂಡಿತ ಇರಲಿ. ಸಣ್ಣ ಮಕ್ಕಳಿಗಂತೂ ತೀರಾ ಅಗತ್ಯ.

ಸನ್‌ಸ್ಕ್ರೀನ್ ಬಗ್ಗೆ ನನಗೆ ಸ್ವಲ್ಪ ಖಡಕ್ ಅಭಿಪ್ರಾಯ ಇದೆ. ಹವಳಕ್ಕೆ ಹಾನಿ ಅನ್ನುವ ಕಾರಣಕ್ಕೆ ಆಕ್ಸಿಬೆನ್‌ಜೋನ್, ಆಕ್ಟಿನಾಕ್ಸೇಟ್ ಇರುವ ಸನ್‌ಸ್ಕ್ರೀನ್ ಮಾರಾಟವನ್ನು ಹವಾಯಿ 2021ರಿಂದ ನಿಲ್ಲಿಸಿದೆ. ಅದಕ್ಕೂ ಒಂದು ವರ್ಷ ಮೊದಲೇ ಪಲಾವು ದೇಶ ನಿಷೇಧಿಸಿತ್ತು. ಅಂಡಮಾನಿನ ಹವಳ ಈಗಾಗಲೇ ನೀರಿನ ಬಿಸಿಗೆ ಬಳಲಿದೆ. 1998, 2010, 2016ರಲ್ಲಿ ದೊಡ್ಡ ಪ್ರಮಾಣದಲ್ಲಿ ಬಿಳುಚಿಕೊಂಡಿತ್ತು. ಹಾಗಾಗಿ ಮೈ ಮುಚ್ಚುವ ಬಟ್ಟೆಯೇ ಮೊದಲು. ಬಟ್ಟೆ ಮುಚ್ಚದ ಕಡೆಗೆ ಮಾತ್ರ ಜಿಂಕ್ ಆಕ್ಸೈಡ್ ಇರುವ ಕ್ರೀಮ್. ಹಣೆಗೆ ಹಚ್ಚಿದರೆ ಮಾಸ್ಕಿನೊಳಗೆ ಇಳಿದು ಕಣ್ಣು ಉರಿಯುತ್ತದೆ, ನೆನಪಿರಲಿ.

ಔಷಧಿ ಡಬ್ಬಿ ಚಿಕ್ಕದು. ಓಆರ್‌ಎಸ್, ಗಾಯಕ್ಕೆ ಹಚ್ಚುವ ಮುಲಾಮು, ಪ್ಲಾಸ್ಟರ್, ಡಾಕ್ಟರ್ ಬರೆದುಕೊಟ್ಟ ಕಿವಿಯ ಡ್ರಾಪ್ಸ್, ದಿನದ ಮಾತ್ರೆಗಳು. ಹವಳ ತರಚಿದ ಗಾಯ ಚಿಕ್ಕದಾದರೂ ಬೇಗ ಮಾಯೋದಿಲ್ಲ, ಅವತ್ತೇ ಚೆನ್ನಾಗಿ ತೊಳೆಯಬೇಕು. ವಾಂತಿ ಬಾರದ ಹಾಗೆ ತಡೆಯುವ ಮಾತ್ರೆಯಲ್ಲಿ ಎಷ್ಟೋ ನಿದ್ದೆ ಬರಿಸುವಂಥವು. ನಿದ್ದೆಗಣ್ಣಲ್ಲಿ ನೀರಿಗೆ ಇಳಿಯೋದು ಒಳ್ಳೆಯದಲ್ಲ. ಡಾಕ್ಟರನ್ನು ಕೇಳಿ, ಮನೆಯಲ್ಲೇ ಒಂದು ಭಾನುವಾರ ನುಂಗಿ ನೋಡಿ. ಸಂಜೆ ಕಡಲ ದಂಡೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಮರಳು ನೊಣ ಕಚ್ಚುತ್ತದೆ, ತುರಿಕೆ ವಾರ ಇರುತ್ತದೆ. ಅದಕ್ಕೆ ಕೊಬ್ಬರಿಎಣ್ಣೆ ಕಾಲಿಗೆ ಹಚ್ಚಿ. ಎಣ್ಣೆಗೆ ಇಲ್ಲಿ ಕೆಲಸ ಸಿಕ್ಕಿತು ನೋಡಿ.

ತೂಕದ ಮಿತಿ ಸಾಮಾನ್ಯವಾಗಿ ದೇಶದೊಳಗಿನ ವಿಮಾನದಲ್ಲಿ 15 ಕೆ.ಜಿ., ಕೈಯಲ್ಲಿ 7. ಮಾಸ್ಕ್ ಕೈಬ್ಯಾಗಿನಲ್ಲಿ ಇರಲಿ. ಪವರ್ ಬ್ಯಾಂಕ್, ಟಾರ್ಚ್ ಮತ್ತು ಕ್ಯಾಮೆರಾದ ಲಿಥಿಯಂ ಬ್ಯಾಟರಿ ಕೂಡ ಕೈಬ್ಯಾಗಿನಲ್ಲೇ ಇರಬೇಕು, ಅದು ನಿಯಮ. ಆಧಾರ್, ಡಾಕ್ಟರ ಪತ್ರ, ಇನ್ಶೂರೆನ್ಸ್ ಕಾಗದಗಳ ಪ್ರತಿ ಇಟ್ಟುಕೊಳ್ಳಿ. ಪ್ರವಾಸದ ಇನ್ಶೂರೆನ್ಸ್ ತಗೊಂಡಿದ್ದೀವಿ ಅಂತ ನಿಶ್ಚಿಂತೆ ಬೇಡ. ಎಷ್ಟೋ ಪಾಲಿಸಿಗಳಲ್ಲಿ ಸ್ಕೂಬಾ ಸೇರಿರೋದಿಲ್ಲ, ಸೇರಿದ್ದರೂ ಆಳಕ್ಕೆ ಮಿತಿ ಇರುತ್ತದೆ. ಆ ಸಾಲನ್ನು ಹುಡುಕಿ ಓದಿ. 2020ರಲ್ಲಿ ಚೆನ್ನೈನಿಂದ ಸಮುದ್ರದಡಿಯ ಕೇಬಲ್ ಬಂದಮೇಲೆ ಇಂಟರ್‌ನೆಟ್ ಸುಧಾರಿಸಿದೆ. ಆದರೂ ಹ್ಯಾವ್‌ಲಾಕ್‌ನಲ್ಲಿ ಫೋನ್‌ಪೇ ನಂಬಿ ಕೂರಬೇಡಿ, ನಗದು ಇರಲಿ.

ಕ್ಯಾಮೆರಾ? ಮೊದಲ ಡೈವ್‌ಗಳಿಗೆ ಬೇಡ ಅನ್ನುತ್ತೇನೆ. ಕೈಯಲ್ಲಿ ಕ್ಯಾಮೆರಾ ಇದ್ದರೆ ಉಸಿರಿನ ಮೇಲೆ ಗಮನ ಇರೋದಿಲ್ಲ. ಸ್ಕೂಬಾದ ಮೊದಲ ನಿಯಮವೇ ಉಸಿರು ಹಿಡಿಯಬಾರದು ಅನ್ನೋದು. ಹತ್ತು ಮೀಟರಿನಲ್ಲಿ ತುಂಬಿಕೊಂಡ ಗಾಳಿ ಮೇಲೆ ಬರುವಾಗ ಎರಡರಷ್ಟು ಹಿಗ್ಗುತ್ತದೆ. ಹೊರಗೆ ಬಿಡದೆ ಹಿಡಿದರೆ ಶ್ವಾಸಕೋಶಕ್ಕೇ ಪೆಟ್ಟು.

ಬೋಟಿನ ಬೆಳಗು

ಅಂಡಮಾನಿನಲ್ಲಿ ಸಂಜೆ ಐದೂವರೆಗೆಲ್ಲ ಹೊತ್ತು ಮುಳುಗುತ್ತದೆ, ಬೆಳಕೂ ಬೇಗ. ಹಾಗಾಗಿ ಬೋಟುಗಳು ಬೆಳಿಗ್ಗೆ ಬೇಗ ಹೊರಡುತ್ತವೆ. ಖಾಲಿ ಹೊಟ್ಟೆಯಲ್ಲಿ ಹೋಗಬೇಡಿ, ಮಸಾಲೆ ದೋಸೆ ಹೊಡೆದೂ ಹೋಗಬೇಡಿ. ಎರಡು ಇಡ್ಲಿ, ಒಂದು ಬಾಳೆಹಣ್ಣು ಸರಿಯಾದ ಅಳತೆ. ನೀರು, ಎಳನೀರು ಚೆನ್ನಾಗಿ ಕುಡಿಯಿರಿ. ಮೈಯಲ್ಲಿ ನೀರು ಕಮ್ಮಿಯಾದರೆ ಆ ನೈಟ್ರೋಜನ್ ತೊಂದರೆಯೂ ಹೆಚ್ಚಾಗಬಹುದು. ಹಿಂದಿನ ರಾತ್ರಿ ಗುಂಡು ಹಾಕಬಾರದು ಅನ್ನೋದಕ್ಕೂ ಇದೇ ಕಾರಣ. ಹೊಟ್ಟೆ ತೊಳೆಸಿದರೆ ಡೀಸೆಲ್ ಹೊಗೆಯಿಂದ ದೂರ ಸರಿದು ಕಡಲು ಮುಗಿಲು ಸೇರುವ ಗೆರೆ ನೋಡಿ.

ಮೊದಲ ಸಲ ಇಳಿಯುವವರನ್ನು ದಡದ ಹತ್ತಿರದ ಕಡಿಮೆ ಆಳದ ಜಾಗಕ್ಕೆ ಕರೆದೊಯ್ಯುತ್ತಾರೆ. ಡಿಕ್ಸನ್ಸ್ ಪಿನಾಕಲ್, ಜಾನೀಸ್ ಗಾರ್ಜ್ ಅಂತ ಹೆಸರುವಾಸಿ ಜಾಗಗಳು ಆಳ, ಅವು ಸರ್ಟಿಫಿಕೇಟ್ ಇದ್ದವರಿಗೆ. ಅದಕ್ಕೆ ಬೇಜಾರು ಬೇಡ. ಬಣ್ಣ ಜಾಸ್ತಿ ಇರೋದು ಮೇಲೆಯೇ. ಆಳಕ್ಕೆ ಹೋದ ಹಾಗೆ ನೀರು ಮೊದಲು ಕೆಂಪನ್ನು ನುಂಗಿಬಿಡುತ್ತದೆ. ಐದಾರು ಮೀಟರಿನಲ್ಲಿ ಬೆಳಗಿನ ಬಿಸಿಲು ಕೋಲುಕೋಲಾಗಿ ಇಳಿಯುತ್ತಿರುತ್ತದೆ. ಕಿವಿಗೆ ನಿಮ್ಮ ಉಸಿರಿನ ಸದ್ದು ಮಾತ್ರ. ಒಳಗೆ ಎಳೆದರೆ ಸ್ಸ್ ಅನ್ನುವ ಲೋಹದ ಸದ್ದು, ಬಿಟ್ಟರೆ ಬುಳುಬುಳು. ಗಿಳಿಮೀನು ಹವಳ ಕಡಿಯುವ ಕಟಕಟ ಕೂಡ ಕೇಳುತ್ತದೆ. ಏನನ್ನೂ ಮುಟ್ಟಬೇಡಿ. ನಿಮ್ಮ ಕೈಗೂ ಒಳ್ಳೆಯದಲ್ಲ, ಅದಕ್ಕೂ ಅಲ್ಲ.

ವಾಪಸ್ ಬರುವಾಗ ಮಾಸ್ಕನ್ನು ಸಿಹಿನೀರಿನಲ್ಲಿ ನೆನೆಸಿ, ನೆರಳಿನಲ್ಲಿ ಒಣಗಿಸಿ. ಉಪ್ಪು ಉಳಿದರೆ ಬಕಲ್ ಹಾಳಾಗುತ್ತದೆ. ಕಿವಿಯನ್ನೂ ಸಿಹಿನೀರಿನಲ್ಲಿ ತೊಳೆದು, ತಲೆ ಓರೆ ಮಾಡಿ ನೀರು ಇಳಿಸಿ. ಆ ಒಣ ದಿನ ಇದಕ್ಕೆಲ್ಲ ಬೇಕಾದಷ್ಟು ಹೊತ್ತಿರುತ್ತದೆ.

ಬ್ಯಾಗಿಗೆ ಹೊಸದಾಗಿ ಏನೂ ಸೇರಬಾರದು. ಹವಳಕ್ಕೆ ನಮ್ಮ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ, ಕೆಲವು ಶಂಖ, ಚಿಪ್ಪುಗಳಿಗೂ ಇದೆ. ದಂಡೆಯಲ್ಲಿ ಬಿದ್ದ ಸತ್ತ ಹವಳದ ತುಂಡು ತಂದರೂ ಅಪರಾಧ. ವಿಮಾನ ನಿಲ್ದಾಣದಲ್ಲಿ ಬ್ಯಾಗು ತಪಾಸಣೆಯಲ್ಲಿ ಸಿಕ್ಕಿಬೀಳುತ್ತೀರಿ. "ಒಂದೇ ಒಂದು ಸಣ್ಣ ಚಿಪ್ಪು ಚಿಕ್ಕಿ, ಫ್ರೆಂಡ್ಸ್‌ಗೆ ತೋರಿಸೋಕೆ" ಅಂದಳು ಅಕ್ಕನ ಮಗಳು. ಅವಳಿಗೆ ಕಾಯ್ದೆ ಹೇಳಲಿಲ್ಲ, ಕಳೆದ ಸಲ ಕಂಡದ್ದನ್ನು ಹೇಳಿದೆ. ಹೊತ್ತು ಮುಳುಗಿದ ಮೇಲೆ ದಂಡೆಯ ಮರಳೆಲ್ಲ ಸರಸರ ನಡೆಯಲು ಶುರುವಾಗುತ್ತದೆ. ಹತ್ತಿರ ಹೋಗಿ ನೋಡಿದರೆ ಪ್ರತಿ ಚಿಪ್ಪಿನೊಳಗೂ ಒಂದು ಸನ್ಯಾಸಿ ಏಡಿ. ಅದಕ್ಕೆ ಸ್ವಂತ ಚಿಪ್ಪಿಲ್ಲ, ಸತ್ತ ಶಂಖದ ಹುಳು ಬಿಟ್ಟುಹೋದದ್ದನ್ನೇ ಮನೆ ಮಾಡಿಕೊಳ್ಳುತ್ತದೆ. ಬೆಳೆದಂತೆ ದೊಡ್ಡ ಮನೆ ಹುಡುಕುತ್ತದೆ. ಆ ಸಾಲಿನಲ್ಲಿ ಒಂದು ಏಡಿ ಬೆನ್ನ ಮೇಲೆ ನೀಲಿ ಬಾಟಲಿ ಮುಚ್ಚಳ ಹೊತ್ತು ಹೋಗುತ್ತಿತ್ತು. ಅರ್ಧ ಮೈ ಹೊರಗೇ ಇತ್ತು. ಟಾರ್ಚ್ ಬೆಳಕು ಬಿದ್ದ ಕೂಡಲೇ ಒಳಗೆ ಸರಿಯಲು ನೋಡಿತು. ಮುಚ್ಚಳದಲ್ಲಿ ಜಾಗ ಸಾಲಲಿಲ್ಲ.